ಬಟ್ಟೆಯೊಳಗೆ ಪಿಸ್ತೂಲು ಒಯ್ಯುವವರು ಸುರಕ್ಷಿತ ಹೋಲ್‌ಸ್ಟರ್ ಆರಿಸುವ ಬಗೆ

ಪರವಾನಗಿ ಪಡೆದು ಪಿಸ್ತೂಲು ಅಥವಾ ರಿವಾಲ್ವರ್ ಕೊಳ್ಳುವವರು ಆಯುಧದ ಆಯ್ಕೆಗಾಗಿ ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಹತ್ತಾರು ಮಂದಿಯನ್ನು ಕೇಳುತ್ತಾರೆ. ಅದನ್ನು ಮೈಮೇಲೆ ಒಯ್ಯುವ ಒರೆಯ, ಅಂದರೆ ಹೋಲ್‌ಸ್ಟರಿನ ವಿಷಯಕ್ಕೆ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನೋ, ಅಗ್ಗವಾದದ್ದನ್ನೋ, ಅಂಗಿಯೊಳಗೆ ಚೆನ್ನಾಗಿ ಅಡಗುತ್ತದೆ ಎಂಬ ಒಂದೇ ಕಾರಣಕ್ಕೆ ಇನ್ನೊಂದನ್ನೋ ತಂದುಬಿಡುತ್ತಾರೆ. ಗುಂಡು ತುಂಬಿದ ಆಯುಧವು ದಿನದ ಬಹುಪಾಲು ಕಳೆಯುವುದು ಹೋಲ್‌ಸ್ಟರಿನಲ್ಲಿಯೇ. ಕೂರುವಾಗ, ಏಳುವಾಗ, ಬಗ್ಗುವಾಗ, ಓಡುವಾಗ ಟ್ರಿಗರನ್ನು ಏನೂ ಮುಟ್ಟದಂತೆ ಕಾಯುವ ಕೆಲಸವೂ ಅದರದೇ. ಆದ್ದರಿಂದ ಅದನ್ನು ಆಯುಧಕ್ಕೆ ಹೊಂದುವ ಒಂದು ಚೀಲ ಎಂದು ತಿಳಿಯದೆ, ಆಯುಧದ ಸುರಕ್ಷಾ ವ್ಯವಸ್ಥೆಯ ಒಂದು ಭಾಗವೆಂದೇ ಎಣಿಸಿ ಆರಿಸಬೇಕು.

ಹೋಲ್‌ಸ್ಟರ್ ಮಾರುವವರು ಪಿಸ್ತೂಲನ್ನು ಎಷ್ಟು ಬೇಗ ಹೊರತೆಗೆಯಬಹುದು ಎಂಬುದನ್ನು ಮುಂದಿಟ್ಟು ಮಾತನಾಡುತ್ತಾರೆ. ನನ್ನ ಮಟ್ಟಿಗೆ ಹೋಲ್‌ಸ್ಟರಿನ ನಿಜವಾದ ಪರೀಕ್ಷೆ ನಡೆಯುವುದು ಪಿಸ್ತೂಲನ್ನು ಅದರೊಳಗೆ ಮರಳಿ ಇಡುವಾಗ. ಹೊರತೆಗೆಯುವಾಗ ಟ್ರಿಗರ್ ಹೋಲ್‌ಸ್ಟರಿನ ಗೋಡೆಗಳಿಂದ ದೂರ ಸರಿಯುತ್ತದೆ. ಇಡುವಾಗ ತುಂಬಿದ ಆಯುಧವನ್ನು, ಕಣ್ಣಿಗೆ ಅರ್ಧ ಮರೆಯಾಗಿರುವ ಒಂದು ಸಣ್ಣ ಬಾಯಿಯೊಳಕ್ಕೆ, ಸ್ವಂತ ಮೈಯ ಪಕ್ಕದಲ್ಲೇ ತಳ್ಳಬೇಕಾಗುತ್ತದೆ. ಬಟ್ಟೆಯ ಮಡಿಕೆ, ಬೆರಳು, ಸಡಿಲವಾದ ಚರ್ಮದ ಅಂಚು, ಜಾಕೆಟ್ಟಿನ ದಾರ, ಯಾವುದೇ ಆಗಲಿ, ಟ್ರಿಗರಿನ ಮುಂದೆ ಸಿಕ್ಕಿಕೊಂಡರೆ ತಳ್ಳುತ್ತಿರುವ ಕೈಯ ಬಲವೇ ಗುಂಡು ಹಾರಿಸಲು ಸಾಕು. ಮುಂದೆ ಹೇಳಿರುವ ಹೆಚ್ಚಿನ ಮಾತುಗಳು ಈ ಒಂದು ಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿದವು.

ಹೋಲ್‌ಸ್ಟರೇ ಇಲ್ಲದೆ ಒಯ್ಯುವುದನ್ನು ಮೊದಲೇ ಬದಿಗಿಡೋಣ. 2008ರ ನವೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲ್ಯಾಕ್ಸಿಕೊ ಬರೆಸ್ ನ್ಯೂಯಾರ್ಕಿನ ನೈಟ್‌ಕ್ಲಬ್ ಒಂದರಲ್ಲಿದ್ದಾಗ, ಪ್ಯಾಂಟಿನ ಸೊಂಟಕ್ಕೆ ಬರಿದೇ ಸಿಕ್ಕಿಸಿಕೊಂಡಿದ್ದ ಗ್ಲಾಕ್ ಪಿಸ್ತೂಲು ಕಾಲಿನ ಗುಂಟ ಜಾರಿ, ಗುಂಡು ಹಾರಿ, ಅವರ ಬಲತೊಡೆಗೇ ಹೊಕ್ಕಿತು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಆಯುಧ ಕಾನೂನಿನ ಉಲ್ಲಂಘನೆಗಾಗಿ ಮರುವರ್ಷ ಅವರಿಗೆ ಎರಡು ವರ್ಷಗಳ ಸೆರೆವಾಸವಾಯಿತು. ಜಾರುವ ವಸ್ತುವನ್ನು ಗಬಕ್ಕನೆ ಹಿಡಿಯಲು ಹೋಗುವುದು ಕೈಗೆ ಸಹಜ, ಹಾಗೆ ಹಿಡಿಯುವಾಗ ಬೆರಳು ಟ್ರಿಗರಿಗೆ ತಾಗುವುದೂ ಅಷ್ಟೇ ಸಹಜ. ಒಳ್ಳೆಯ ಸ್ಥಿತಿಯಲ್ಲಿರುವ ಇಂದಿನ ಪಿಸ್ತೂಲುಗಳಲ್ಲಿ ಹೆಚ್ಚಿನವು ಕೆಳಗೆ ಬಿದ್ದರೆ ತಾವಾಗಿ ಗುಂಡು ಹಾರಿಸದಂತೆ ರೂಪುಗೊಂಡಿರುತ್ತವೆ. ಕೈಜಾರಿದ ಪಿಸ್ತೂಲನ್ನು ಬೀಳಲು ಬಿಟ್ಟು, ನೆಲದ ಮೇಲೆ ನಿಂತ ಮೇಲೆ ಎತ್ತಿಕೊಳ್ಳಬೇಕು ಎಂದು ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದೇ ಕಾರಣಕ್ಕೆ.

ನಿಮ್ಮ ಆಯುಧ ಯಾವ ಬಗೆಯದು

ಹೋಲ್‌ಸ್ಟರ್ ಎಷ್ಟು ಬಿಗಿಯಾದ ಕಾವಲು ಕೊಡಬೇಕು ಎಂಬುದು ಆಯುಧದ ಒಳಗಿನ ರಚನೆಯನ್ನು ಅವಲಂಬಿಸಿದೆ. ಟ್ರಿಗರಿನ ಒಂದೇ ಎಳೆತಕ್ಕೆ ಹ್ಯಾಮರ್ (ತೋಟಾಕ್ಕೆ ಬಡಿಯುವ ಸುತ್ತಿಗೆ) ಎದ್ದು ಬಡಿಯುವ ಡಬಲ್ ಆ್ಯಕ್ಷನ್ ರಿವಾಲ್ವರಿನ ಟ್ರಿಗರನ್ನು ಎಳೆಯಲು ಸಾಮಾನ್ಯವಾಗಿ 4.5ರಿಂದ 5.5 ಕಿಲೋದಷ್ಟು ಬಲ ಬೇಕು, ಎಳೆತವೂ ಉದ್ದ. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17 ಪಿಸ್ತೂಲನ್ನು ಸ್ವೀಕರಿಸಿದ ಬಳಿಕ ಎಲ್ಲೆಡೆ ಹರಡಿದ, ಹ್ಯಾಮರಿನ ಬದಲು ಒಳಗಿನ ಸ್ಪ್ರಿಂಗ್ ಕಡ್ಡಿಯೇ ತೋಟಾಕ್ಕೆ ಬಡಿಯುವ ಸ್ಟ್ರೈಕರ್ ಬಗೆಯ ಪಿಸ್ತೂಲುಗಳಲ್ಲಿ ಈ ಬಲ ಸುಮಾರು 2.5 ಕಿಲೋ, ಎಳೆತ ಒಂದು ಸೆಂಟಿಮೀಟರಿನ ಆಸುಪಾಸು. ಇವುಗಳಲ್ಲಿ ಅನೇಕಕ್ಕೆ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಲಿವರ್ ಇರುವುದಿಲ್ಲ. ಟ್ರಿಗರಿನ ನಡುವೆಯೇ ಕೂಡಿಸಿದ ಸಣ್ಣ ಸೇಫ್ಟಿ ಇರುತ್ತದೆ. ಅದು ಪಿಸ್ತೂಲು ಬಿದ್ದಾಗ ಕಾಪಾಡುತ್ತದೆ. ಟ್ರಿಗರನ್ನು ಎದುರಿನಿಂದ ಒತ್ತುವ ಬೆರಳಿಗೂ ಅಂಗಿಯ ತುದಿಗೂ ಅದು ವ್ಯತ್ಯಾಸ ಕಾಣುವುದಿಲ್ಲ. ಇಂಥ ಪಿಸ್ತೂಲು ಇಟ್ಟುಕೊಂಡವರಿಗೆ ಹೋಲ್‌ಸ್ಟರಿನ ವಿಷಯದಲ್ಲಿ ರಾಜಿಯ ಅವಕಾಶವೇ ಇಲ್ಲ.

1911 ಮಾದರಿಯ ಸಿಂಗಲ್ ಆ್ಯಕ್ಷನ್ ಪಿಸ್ತೂಲನ್ನು (ಟ್ರಿಗರ್ ಎಳೆಯುವ ಮೊದಲೇ ಹ್ಯಾಮರ್ ಎತ್ತಿರಬೇಕಾದ ಬಗೆ) ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ ಒಯ್ಯುವವರು ಬೇರೊಂದನ್ನು ಗಮನಿಸಬೇಕು: ಮೈಯ ಚಲನೆಯಿಂದಾಗಲಿ, ಹೋಲ್‌ಸ್ಟರಿನ ಅಂಚು ತಗುಲುವುದರಿಂದಾಗಲಿ ಆ ಸೇಫ್ಟಿ ಲಿವರ್ ಕೆಳಗೆ ಸರಿಯಬಾರದು. ಮೈ ಕಡೆಯ ಗೋಡೆಯನ್ನು ಸ್ವಲ್ಪ ಎತ್ತರಿಸಿ ಲಿವರಿಗೆ ಮರೆ ಕೊಟ್ಟಿರುವ ಹೋಲ್‌ಸ್ಟರುಗಳು ಸಿಗುತ್ತವೆ, ಅವು ಒಳ್ಳೆಯವು. ಹೊರಗೆ ಹ್ಯಾಮರ್ ಇರುವ ಯಾವುದೇ ಪಿಸ್ತೂಲಿಗೆ ಒಂದು ಅನುಕೂಲವಿದೆ. ಒಳಗಿಡುವಾಗ ಹೆಬ್ಬೆರಳನ್ನು ಹ್ಯಾಮರಿನ ಬೆನ್ನಿಗೆ ಒತ್ತಿ ಹಿಡಿದರೆ, ಕೆಳಗಿಳಿದ ಹ್ಯಾಮರ್ ಇರುವ ಡಬಲ್ ಆ್ಯಕ್ಷನ್ ಪಿಸ್ತೂಲಿನಲ್ಲಿ ಟ್ರಿಗರಿಗೆ ಏನಾದರೂ ತಾಗಿದೊಡನೆ ಹ್ಯಾಮರ್ ಹಿಂದಕ್ಕೆ ಏಳುವುದು ಬೆರಳಿಗೇ ತಿಳಿಯುತ್ತದೆ. ಅಲ್ಲಿಗೆ ಕೈ ನಿಲ್ಲಿಸಬಹುದು. ಡೀಕಾಕ್ ಮಾಡಬೇಕಾದ, ಅಂದರೆ ಎತ್ತಿದ ಹ್ಯಾಮರನ್ನು ಗುಂಡು ಹಾರದಂತೆ ಇಳಿಸಬೇಕಾದ ಪಿಸ್ತೂಲಾದರೆ ಅದನ್ನು ಮಾಡಿಯೇ ಒಳಗಿಡಬೇಕು.

ಹಳೆಯ ಸಿಂಗಲ್ ಆ್ಯಕ್ಷನ್ ರಿವಾಲ್ವರುಗಳ ಮಾತು ಬೇರೆ. 1873ರ ಕೋಲ್ಟ್ ವಿನ್ಯಾಸದಲ್ಲಿ ಹ್ಯಾಮರಿನ ಮೊನೆ ನೇರವಾಗಿ ತೋಟಾದ ಬುಡಕ್ಕೆ ಆನುವುದರಿಂದ, ಹ್ಯಾಮರಿಗೆ ಪೆಟ್ಟು ಬಿದ್ದರೆ ಗುಂಡು ಹಾರಬಲ್ಲದು. ಆರು ಕೋಣೆಗಳಲ್ಲಿ ಐದನ್ನು ಮಾತ್ರ ತುಂಬಿ, ಖಾಲಿ ಕೋಣೆಯ ಮೇಲೆ ಹ್ಯಾಮರ್ ಇಳಿಸಿ ಒಯ್ಯುವ ವಾಡಿಕೆ ಹುಟ್ಟಿದ್ದು ಅದರಿಂದಲೇ. ರೂಗರ್ ಕಂಪನಿ 1973ರಲ್ಲಿ ತನ್ನ ಸಿಂಗಲ್ ಆ್ಯಕ್ಷನ್ ರಿವಾಲ್ವರುಗಳಿಗೆ, ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ಮುಂದಕ್ಕೆ ಮುಟ್ಟಿಸುವ ಟ್ರಾನ್ಸ್‌ಫರ್ ಬಾರ್ ಅಳವಡಿಸಿ ಆ ದೋಷವನ್ನು ನೀಗಿತು. ಹಳೆಯ ರಚನೆಯ ಆಯುಧಕ್ಕೆ ಎಂಥ ಹೋಲ್‌ಸ್ಟರ್ ತೊಡಿಸಿದರೂ ಈ ದೋಷ ಹೋಗುವುದಿಲ್ಲ.

ಟ್ರಿಗರ್ ಗಾರ್ಡಿನ ಮುಚ್ಚಳಿಕೆ

ಪಿಸ್ತೂಲು ಒಳಗೆ ಕೂತಾಗ ಟ್ರಿಗರ್ ಗಾರ್ಡ್ (ಟ್ರಿಗರಿನ ಸುತ್ತಲಿನ ಬಳೆ) ಎರಡೂ ಬದಿಯಲ್ಲಿ, ಹಿಂದಿನ ತುದಿಯವರೆಗೂ ಮುಚ್ಚಿರಬೇಕು. ಟ್ರಿಗರಿನ ಒಂದು ಎಳೆಯೂ ಹೊರಗೆ ಕಾಣಬಾರದು. ಮುಚ್ಚಿದರಷ್ಟೇ ಸಾಲದು, ಮುಚ್ಚಿರುವ ವಸ್ತು ಗಟ್ಟಿಯಾಗಿಯೂ ಇರಬೇಕು. ತೆಳುವಾದ ಬಟ್ಟೆಯ ಅಥವಾ ಮೆತ್ತನೆಯ ನೈಲಾನಿನ ಹೋಲ್‌ಸ್ಟರ್ ಟ್ರಿಗರನ್ನು ಕಣ್ಣಿನಿಂದ ಮರೆಮಾಡುತ್ತದೆಯೇ ಹೊರತು ಒತ್ತಡದಿಂದ ಕಾಯುವುದಿಲ್ಲ. ಮೇಜಿನ ಮೂಲೆ, ಕುರ್ಚಿಯ ಕೈ, ಜೇಬಿನಲ್ಲಿರುವ ಕೀಲಿಗೊಂಚಲು ಬಟ್ಟೆಯ ಮೂಲಕವೇ ಟ್ರಿಗರನ್ನು ಒತ್ತಬಲ್ಲವು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೊದಲು ತೋಟಾಗಳಿರುವ ಮ್ಯಾಗಜಿನನ್ನು ಹೊರತೆಗೆಯಬೇಕು. ಆಮೇಲೆ ನಳಿಗೆಯನ್ನು ಅಪಾಯವಿಲ್ಲದ ದಿಕ್ಕಿಗೆ ಹಿಡಿದು ಸ್ಲೈಡನ್ನು (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಚೇಂಬರಿನ, ಅಂದರೆ ನಳಿಗೆಯ ಬುಡದ ತೋಟಾವನ್ನು ಹೊರಹಾಕಬೇಕು. ಈ ಕ್ರಮ ತಿರುವುಮುರುವಾದರೆ ಮ್ಯಾಗಜಿನಿನಿಂದ ಇನ್ನೊಂದು ತೋಟಾ ಚೇಂಬರಿಗೆ ಏರಿ ಕೂರುತ್ತದೆ. ಸ್ಲೈಡನ್ನು ತೆರೆದಿಟ್ಟು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ರಿವಾಲ್ವರ್ ಆದರೆ ಸಿಲಿಂಡರಿನ ಪ್ರತಿಯೊಂದು ಕೋಣೆಯನ್ನೂ ನೋಡಬೇಕು. ತೋಟಾಗಳೆಲ್ಲವೂ ಮನೆಯ ಬೇರೆ ಕೋಣೆಯಲ್ಲಿರಲಿ. ಹೀಗೆ ಖಾಲಿ ಮಾಡಿದ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲಿಟ್ಟು, ಟ್ರಿಗರ್ ಇರುವ ಜಾಗವನ್ನು ಹೊರಗಿನಿಂದ ಎರಡೂ ಹೆಬ್ಬೆರಳುಗಳಿಂದ ಬಲವಾಗಿ ಒತ್ತಿ, ಹಿಸುಕಿ, ತಿರುಚಿ ನೋಡಬೇಕು. ಟ್ರಿಗರ್ ಬಿಡುಗಡೆಯಾದ ಟಕ್ ಎನ್ನುವ ಸದ್ದು ಕೇಳಿದರೆ, ಅಥವಾ ಟ್ರಿಗರ್ ಅಲುಗಿದ್ದು ಕೈಗೆ ತಿಳಿದರೆ, ಆ ಹೋಲ್‌ಸ್ಟರ್ ಎಷ್ಟೇ ಚೆಂದವಾಗಿರಲಿ, ಬಳಕೆಗೆ ಬಾರದು. ಬಳಿಕ ಮೇಲಿನ ಬಾಯಿಯಿಂದ, ಪಿಸ್ತೂಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಪೆನ್ಸಿಲನ್ನು ಟ್ರಿಗರಿನತ್ತ ತೂರಿಸಲು ಪ್ರಯತ್ನಿಸಬೇಕು. ಪೆನ್ಸಿಲ್ ಟ್ರಿಗರನ್ನು ಮುಟ್ಟುವುದಾದರೆ ಸಣ್ಣ ಕೈಯ ಬೆರಳೂ ಮುಟ್ಟುತ್ತದೆ, ದಾರದ ತುದಿಯ ಪ್ಲಾಸ್ಟಿಕ್ ಗುಂಡಿಯೂ ಮುಟ್ಟುತ್ತದೆ.

ಪಿಸ್ತೂಲಿಗೆ ಟಾರ್ಚ್ ಜೋಡಿಸುವವರು ಈ ಪೆನ್ಸಿಲ್ ಪರೀಕ್ಷೆಯನ್ನು ಎರಡು ಸಲ ಮಾಡಲಿ. ಟಾರ್ಚು ಪಿಸ್ತೂಲಿಗಿಂತ ಅಗಲವಾಗಿರುವುದರಿಂದ, ಅದು ಹಾದುಹೋಗುವಷ್ಟು ಅಗಲಕ್ಕೆ ಹೋಲ್‌ಸ್ಟರಿನ ಬಾಯಿಯನ್ನು ತೆರೆಯಲೇಬೇಕಾಗುತ್ತದೆ. ಆಗ ಟ್ರಿಗರ್ ಗಾರ್ಡಿನ ಎರಡೂ ಪಕ್ಕದಲ್ಲಿ ಸಂದಿ ಉಳಿಯುತ್ತದೆ, ಕೆಲವು ಮಾದರಿಗಳಲ್ಲಿ ಬೆರಳು ಆರಾಮವಾಗಿ ತೂರುವಷ್ಟು ಸಂದಿ. ಇನ್ನೊಂದು ತೊಡಕೂ ಇದೆ. ಇಂಥ ಹೋಲ್‌ಸ್ಟರುಗಳಲ್ಲಿ ಹಲವು ಪಿಸ್ತೂಲನ್ನು ಹಿಡಿದುಕೊಳ್ಳುವುದು ಟಾರ್ಚಿನ ಆಕಾರದ ಆಧಾರದಿಂದ. ಟಾರ್ಚ್ ಬಿಚ್ಚಿಟ್ಟ ದಿನ ಅದೇ ಹೋಲ್‌ಸ್ಟರಿನಲ್ಲಿ ಪಿಸ್ತೂಲು ಸಡಿಲವಾಗಿ ಓಲಾಡುತ್ತದೆ. ಬಟ್ಟೆಯೊಳಗೆ ಒಯ್ಯುವ ಪಿಸ್ತೂಲಿಗೆ ಟಾರ್ಚ್ ನಿಜಕ್ಕೂ ಬೇಕೇ ಎಂದು ಮೊದಲು ಯೋಚಿಸುವುದು ಒಳ್ಳೆಯದು. ಜೇಬಿನಲ್ಲೊಂದು ಪ್ರತ್ಯೇಕ ಟಾರ್ಚ್ ಇದ್ದರೆ ಕತ್ತಲಲ್ಲಿ ಬೆಳಕು ಹಿಡಿಯಲು ಆಯುಧವನ್ನು ಯಾರತ್ತಲೂ ತೋರಿಸಬೇಕಾಗುವುದಿಲ್ಲ.

ಬಾಯಿ ಮತ್ತು ಸಾಮಗ್ರಿ

ಪಿಸ್ತೂಲು ಹೊರಬಂದ ಮೇಲೂ ಹೋಲ್‌ಸ್ಟರಿನ ಬಾಯಿ ತೆರೆದೇ ನಿಂತಿರಬೇಕು. ಸೊಂಟದ ಬೆಲ್ಟಿನ ಬಿಗಿತಕ್ಕೆ ಬಾಯಿ ಮುಚ್ಚಿಕೊಂಡರೆ, ಮರಳಿ ಇಡುವಾಗ ಎಡಗೈಯ ಬೆರಳುಗಳಿಂದ ಅದನ್ನು ಬಿಡಿಸಿ ಹಿಡಿಯಬೇಕಾಗುತ್ತದೆ. ಆಗ ನಳಿಗೆಯ ಬಾಯಿ ಸ್ವಂತ ಬೆರಳುಗಳ ಮೇಲೆಯೇ ಹಾದುಹೋಗುತ್ತದೆ. ಹಲವರು ಮುಚ್ಚಿದ ಬಾಯಿಯನ್ನು ನಳಿಗೆಯ ತುದಿಯಿಂದಲೇ ಕೆದಕಿ ತೆರೆಯಲು ನೋಡುತ್ತಾರೆ, ಅದು ಇನ್ನೂ ಕೆಟ್ಟದ್ದು, ಏಕೆಂದರೆ ಹಾಗೆ ಕೆದಕುವಾಗ ಪಿಸ್ತೂಲು ಹೊಟ್ಟೆಯ ಕಡೆಗೆ ವಾಲುತ್ತದೆ. ಒಂದೇ ಕೈಯಿಂದ ಮರಳಿ ಇಡಲು ಬಾರದ ಹೋಲ್‌ಸ್ಟರನ್ನು ಕೊಳ್ಳಬಾರದು.

ಈ ದೃಷ್ಟಿಯಿಂದ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಬೆಲೆ ಬಂದಿರುವುದು ಸಹಜ. 1960ರ ದಶಕದಲ್ಲಿ ವಿಮಾನಗಳ ಒಳಭಾಗಕ್ಕೆಂದು ತಯಾರಾದ, ಅಕ್ರಿಲಿಕ್ ಮತ್ತು ಪಿವಿಸಿ ಬೆರೆತ ಈ ಹಾಳೆಯನ್ನು ಕಾಯಿಸಿ, ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಆರಿಸಿದರೆ ಅದರ ಪ್ರತಿಯೊಂದು ಉಬ್ಬುತಗ್ಗನ್ನೂ ಹಿಡಿದುಕೊಳ್ಳುತ್ತದೆ. ಬೆವರು ಹೀರುವುದಿಲ್ಲ, ಮೆತ್ತಗಾಗುವುದಿಲ್ಲ, ಬಾಯಿ ಮುಚ್ಚಿಕೊಳ್ಳುವುದಿಲ್ಲ. ಕಾಯಿಸಿದರೆ ಬಾಗುವ ಗುಣವೇ ಅದರ ದೌರ್ಬಲ್ಯವೂ ಹೌದು: ಉರಿಬಿಸಿಲಿನಲ್ಲಿ ಮುಚ್ಚಿದ ಕಾರಿನ ಗಾಜಿನ ಬಳಿ ಬಿಟ್ಟರೆ ಆಕಾರ ಕೆಡಬಹುದು. ವರ್ಷಗಳ ಬಳಕೆಯಲ್ಲಿ ಬಾಗುವ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕೂ ಕಾಣಿಸುತ್ತದೆ.

ಚರ್ಮದ ಹೋಲ್‌ಸ್ಟರ್ ಮೈಗೆ ಹಿತ, ಸದ್ದಿಲ್ಲದ್ದು, ಚೆನ್ನಾಗಿ ಮಾಡಿದ್ದಾದರೆ ಬಹುಕಾಲ ಬಾಳುತ್ತದೆ. ದಪ್ಪ ಚರ್ಮವನ್ನು ನೆನೆಸಿ ಪಿಸ್ತೂಲಿನ ಆಕಾರಕ್ಕೆ ಒತ್ತಿ ಒಣಗಿಸಿರಬೇಕು, ಬಾಯಿಯ ಸುತ್ತ ಇನ್ನೊಂದು ಪದರ ಚರ್ಮವನ್ನೋ ಲೋಹದ ಪಟ್ಟಿಯನ್ನೋ ಸೇರಿಸಿ ಹೊಲಿದಿರಬೇಕು. ಚರ್ಮದ ಅಪಾಯ ಬರುವುದು ಹಳತಾದಾಗ. ಬೆವರು ಕುಡಿದು, ಬೆಲ್ಟಿನ ಒತ್ತಡಕ್ಕೆ ನಲುಗಿ, ಬಾಯಿಯ ಅಂಚಿನಲ್ಲಿ ಒಂದು ಮಡಿಕೆ ಏಳುತ್ತದೆ. ಪಿಸ್ತೂಲು ಇಳಿಯುವಾಗ ಆ ಮಡಿಕೆ ಒಳಮುಖವಾಗಿ ಬಾಗಿ ಟ್ರಿಗರ್ ಗಾರ್ಡಿನೊಳಕ್ಕೆ ನುಗ್ಗುತ್ತದೆ, ಪಿಸ್ತೂಲನ್ನು ಕೆಳಕ್ಕೆ ಒತ್ತಿದಷ್ಟೂ ಅದು ಬೆರಳಿನಂತೆಯೇ ಟ್ರಿಗರನ್ನು ಹಿಂದಕ್ಕೆ ತಳ್ಳುತ್ತದೆ. ಹಳೆಯ ಚರ್ಮದ ಹೋಲ್‌ಸ್ಟರುಗಳಲ್ಲಿ ಹೀಗೆ ಗುಂಡು ಹಾರಿ ಸೊಂಟಕ್ಕೂ ತೊಡೆಗೂ ಗಾಯವಾದದ್ದುಂಟು. ಹೊಸ ಚರ್ಮ ತೀರಾ ಬಿಗಿಯಾಗಿದ್ದರೆ ಖಾಲಿ ಪಿಸ್ತೂಲನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಒಳಗಿಟ್ಟರೆ ಹದವಾಗುತ್ತದೆ. ಎಣ್ಣೆ ಹಚ್ಚಿ ಮೆತ್ತಗೆ ಮಾಡುವ ಉಪಾಯಕ್ಕೆ ಹೋಗಬಾರದು, ಗಟ್ಟಿತನವೇ ಅದರ ಸುರಕ್ಷತೆ.

ಒಳಬದಿಗೆ ಚರ್ಮ, ಹೊರಬದಿಗೆ ಕೈಡೆಕ್ಸ್ ಇರುವ ಮಿಶ್ರ ಮಾದರಿಗಳು ಧರಿಸಲು ಹಿತವಾಗಿದ್ದರೂ, ಆ ಚರ್ಮದ ಬೆನ್ನು ಮೆತ್ತಗಾದರೆ ಮೇಲೆ ಹೇಳಿದ ತೊಂದರೆಯೇ ಮರುಕಳಿಸುತ್ತದೆ. ಎಲ್ಲ ಪಿಸ್ತೂಲುಗಳಿಗೂ ಒಗ್ಗುತ್ತದೆ ಎಂದು ಮಾರುವ ನೈಲಾನ್ ಹೋಲ್‌ಸ್ಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಎಲ್ಲಕ್ಕೂ ಒಗ್ಗುವುದು ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ.

ಹೊಂದಿಕೆಯೆಂದರೆ ನಿಮ್ಮ ಪಿಸ್ತೂಲಿನ ಅದೇ ಮಾದರಿಗೆ, ಅದೇ ತಲೆಮಾರಿಗೆ ಮಾಡಿದ್ದು ಎಂದರ್ಥ. ನಾಲ್ಕನೆಯ ತಲೆಮಾರಿನವರೆಗಿನ ಗ್ಲಾಕ್ 19 ಮತ್ತು 23ರ ಹೊರ ಅಳತೆ ಒಂದೇ ಆಗಿರುವುದರಿಂದ ಒಂದರದು ಇನ್ನೊಂದಕ್ಕೆ ಆಗುತ್ತದೆ. ಆದರೆ ಸಾದಾ 1911ರ ಹೋಲ್‌ಸ್ಟರಿನೊಳಗೆ, ನಳಿಗೆಯ ಕೆಳಗೆ ಟಾರ್ಚ್ ಜೋಡಿಸುವ ರೈಲ್ ಇರುವ 1911 ಇಳಿಯುವುದೇ ಇಲ್ಲ. ಸ್ಲೈಡಿನ ಮೇಲೆ ರೆಡ್ ಡಾಟ್ ಸೈಟ್ (ಕೆಂಪು ಚುಕ್ಕೆಯಿಂದ ಗುರಿ ತೋರುವ ಸಾಧನ) ಕೂರಿಸಿದ್ದರೆ ಅದಕ್ಕೆ ಜಾಗ ಕತ್ತರಿಸಿರಬೇಕು. ಪಿಸ್ತೂಲು ಒಳಗೆ ಕೂತಾಗ ಸ್ಲೈಡ್ ಹಿಂದಕ್ಕೆ ಸರಿದಿಲ್ಲವೇ, ಮ್ಯಾಗಜಿನ್ ಬಿಡಿಸುವ ಗುಂಡಿ ಒತ್ತಿಹೋಗುತ್ತಿಲ್ಲವೇ ಎಂಬುದನ್ನೂ ನೋಡಿಕೊಳ್ಳಬೇಕು. ಗುಂಡಿ ಒತ್ತಿಹೋಗಿ ಮ್ಯಾಗಜಿನ್ ಅರ್ಧ ಇಳಿದಿರುವುದು ಬೇಕಾದ ಹೊತ್ತಿನವರೆಗೂ ಗೊತ್ತೇ ಆಗುವುದಿಲ್ಲ.

ಹಿಡಿತ

ಪಿಸ್ತೂಲು ತಾನಾಗಿ ಹೊರಬೀಳದಂತೆ ಹಿಡಿದಿರುವ ಶಕ್ತಿ ಹೆಚ್ಚಿನ ಹೋಲ್‌ಸ್ಟರುಗಳಲ್ಲಿ ಟ್ರಿಗರ್ ಗಾರ್ಡಿನ ಸುತ್ತಲಿನ ಬಿಗಿತದಿಂದ ಬರುತ್ತದೆ. ಕೈಡೆಕ್ಸ್ ಹೋಲ್‌ಸ್ಟರಿನಲ್ಲಿ ಪಿಸ್ತೂಲು ಸ್ಥಾನಕ್ಕೆ ಕೂತಾಗ ಟಕ್ಕೆಂಬ ಸದ್ದು ಕೇಳುತ್ತದೆ; ಒಂದು ಸ್ಕ್ರೂ ತಿರುಗಿಸಿ ಆ ಬಿಗಿತವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಖಾಲಿ ಪಿಸ್ತೂಲನ್ನು ಇಟ್ಟ ಹೋಲ್‌ಸ್ಟರನ್ನು ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಚೆನ್ನಾಗಿ ಅಲ್ಲಾಡಿಸಿದರೂ ಅದು ಜಾರಬಾರದು. ಧರಿಸಿಕೊಂಡು ಕುಳಿತು, ಎದ್ದು, ಬಗ್ಗಿ, ನೆಲದಲ್ಲಿ ಉರುಳಿದರೂ ಜಾರಬಾರದು. ಹಾಗೆಂದು ಎರಡೂ ಕೈ ಹಾಕಿ ಕಿತ್ತು ತೆಗೆಯುವಷ್ಟು ಬಿಗಿಯಾದರೆ ಎಳೆದ ಏಟಿಗೆ ಹೋಲ್‌ಸ್ಟರೇ ಪ್ಯಾಂಟಿನಿಂದ ಹೊರಬರುತ್ತದೆ, ಇಲ್ಲವೇ ಪಿಸ್ತೂಲು ಅಂಕೆ ತಪ್ಪಿ ಚಿಮ್ಮುತ್ತದೆ.

ಹೆಬ್ಬೆರಳಿನಿಂದ ಬಿಡಿಸುವ ಪಟ್ಟಿ ಅಥವಾ ಲಿವರ್ ಇರುವ ಹೋಲ್‌ಸ್ಟರುಗಳು ಸಮವಸ್ತ್ರದಲ್ಲಿ, ಎಲ್ಲರಿಗೂ ಕಾಣುವಂತೆ ಆಯುಧ ಧರಿಸುವವರಿಗೆ ಅತ್ಯಗತ್ಯ. ಯಾರಾದರೂ ಕಸಿದುಕೊಳ್ಳಲು ಕೈಹಾಕುವ ಸಂಭವ ಅಲ್ಲಿ ಹೆಚ್ಚು. ಅಂಗಿಯೊಳಗೆ ಒಯ್ಯುವವರಿಗೆ ಮರೆಯೇ ಮೊದಲ ರಕ್ಷಣೆಯಾದ್ದರಿಂದ ಒಳ್ಳೆಯ ಬಿಗಿತ ಸಾಮಾನ್ಯವಾಗಿ ಸಾಕಾಗುತ್ತದೆ. ಒಂದು ಬಗೆಯನ್ನು ಮಾತ್ರ ದೂರವಿಡುವುದು ವಾಸಿ: ತೋರುಬೆರಳಿನಿಂದ ಗುಂಡಿ ಒತ್ತಿ ಬಿಡಿಸಬೇಕಾದ ಹೋಲ್‌ಸ್ಟರ್. ಅವಸರದಲ್ಲಿ ಬೆರಳಿನ ತುದಿಯನ್ನು ಬಗ್ಗಿಸಿ ಒತ್ತುತ್ತಲೇ ಪಿಸ್ತೂಲನ್ನು ಎಳೆದರೆ, ಗುಂಡಿಯ ಮೇಲಿದ್ದ ಅದೇ ಒತ್ತಡದಲ್ಲಿ ಬೆರಳು ನೇರವಾಗಿ ಟ್ರಿಗರಿನ ಮೇಲೆ ಬಂದು ಕೂರುತ್ತದೆ. ಹೀಗೆ ಗಾಯಗಳಾದ ಕಾರಣ ಹಲವು ತರಬೇತಿ ಕೇಂದ್ರಗಳು ಈ ಬಗೆಯನ್ನು ನಿಷೇಧಿಸಿವೆ.

ಎಲ್ಲಿ ಧರಿಸುವುದು

ಹೊಕ್ಕುಳನ್ನು ಹನ್ನೆರಡು ಗಂಟೆಯೆಂದು ಇಟ್ಟುಕೊಂಡು ಸೊಂಟದ ಸುತ್ತಲಿನ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಬಲಗೈಯವರಿಗೆ ಮೂರು ಮತ್ತು ನಾಲ್ಕು ಗಂಟೆಯ ನಡುವೆ, ಅಂದರೆ ಬಲಸೊಂಟದ ಮೂಳೆಯ ಹಿಂದೆ, ಕಲಿಯಲು ಅತ್ಯಂತ ಸುರಕ್ಷಿತವಾದ ಜಾಗ. ನಳಿಗೆ ನೆಲದ ಕಡೆಗಿರುತ್ತದೆ, ಇಡುವಾಗ ಕುತ್ತಿಗೆ ತಿರುಗಿಸಿದರೆ ಬಾಯಿ ಕಾಣುತ್ತದೆ. ಹೋಲ್‌ಸ್ಟರನ್ನು ಸುಮಾರು 15 ಡಿಗ್ರಿ ಮುಂದಕ್ಕೆ ವಾಲಿಸಿದರೆ ಹಿಡಿ ಅಂಗಿಯಲ್ಲಿ ಕಡಿಮೆ ಉಬ್ಬುತ್ತದೆ.

ಹನ್ನೆರಡರಿಂದ ಒಂದು ಗಂಟೆಯ ಜಾಗ, ಅಂದರೆ ಕಿಬ್ಬೊಟ್ಟೆಯ ಮುಂದೆ ಧರಿಸುವುದು ಈಗ ಬಹಳ ಜನಪ್ರಿಯ. ಮರೆ ಚೆನ್ನಾಗಿರುತ್ತದೆ, ಕೈ ಬೇಗ ತಲುಪುತ್ತದೆ, ಆಯುಧ ಸದಾ ಕಣ್ಣೆದುರಿಗಿರುತ್ತದೆ. ಹೋಲ್‌ಸ್ಟರಿನ ಬಾಯಿಯನ್ನು ನೇರವಾಗಿ ನೋಡುತ್ತ ಇಡಬಹುದೆಂಬುದು ನಿಜವಾದ ಗುಣವೇ. ಆದರೆ ಕುಳಿತಾಗ ನಳಿಗೆಯ ದಿಕ್ಕು ತೊಡೆಸಂದಿನತ್ತ ಇರುತ್ತದೆ, ತೊಡೆಯ ಮಹಾಧಮನಿ ಅಲ್ಲೇ ಹಾದುಹೋಗುತ್ತದೆ. ಆ ರಕ್ತನಾಳಕ್ಕೆ ಪೆಟ್ಟಾದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಆದ್ದರಿಂದ ಈ ಜಾಗವನ್ನು ಆರಿಸುವವರು ಗಟ್ಟಿಯಾದ, ಅದೇ ಮಾದರಿಗೆ ಮಾಡಿದ ಹೋಲ್‌ಸ್ಟರನ್ನಷ್ಟೇ ಬಳಸಬೇಕು. ಅದರ ಕೆಳತುದಿಗೆ ಮೈ ಕಡೆ ಒಂದು ಮೆತ್ತೆ ಅಂಟಿಸಿದರೆ ನಳಿಗೆ ಹೊರಮುಖವಾಗಿ ಓರೆಯಾಗುತ್ತದೆ; ಅದನ್ನು ಬಿಡಬಾರದು. ಕೈ ಪಳಗದವರು ಇಲ್ಲಿಂದ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ.

ಬೆನ್ನಿನ ನಟ್ಟನಡುವೆ ಧರಿಸಿದರೆ ಹಿಮ್ಮುಖವಾಗಿ ಬಿದ್ದಾಗ ಉಕ್ಕಿನ ತುಂಡು ಬೆನ್ನುಮೂಳೆಗೇ ಬಡಿಯುತ್ತದೆ, ಇಡುವಾಗ ಏನೂ ಕಾಣುವುದೂ ಇಲ್ಲ. ಭುಜಕ್ಕೆ ತೂಗುಹಾಕಿ ನಳಿಗೆಯನ್ನು ಅಡ್ಡಲಾಗಿಡುವ ಬಗೆಯಲ್ಲಿ ಹಿಂದೆ ನಿಂತವರೆಲ್ಲರ ಕಡೆಗೂ ನಳಿಗೆ ತಿರುಗಿರುತ್ತದೆ, ಹೊರತೆಗೆಯುವಾಗ ಸ್ವಂತ ಎಡತೋಳನ್ನೂ ದಾಟಿಯೇ ಬರುತ್ತದೆ. ಕಣಕಾಲಿನ ಹೋಲ್‌ಸ್ಟರ್ ಎರಡನೆಯ ಆಯುಧಕ್ಕೆ ಸರಿ.

ಜೇಬಿನಲ್ಲಿ ಒಯ್ಯುವುದಾದರೂ ಜೇಬಿಗೆಂದೇ ಮಾಡಿದ, ಟ್ರಿಗರ್ ಮುಚ್ಚುವ ಹೋಲ್‌ಸ್ಟರ್ ಬೇಕು. ಪಿಸ್ತೂಲು ಎಳೆದಾಗ ಅದು ಜೇಬಿನಲ್ಲೇ ಉಳಿಯುವಂತಿರಬೇಕು, ಮತ್ತು ಆ ಜೇಬಿನಲ್ಲಿ ಕೀಲಿ, ಚಿಲ್ಲರೆ, ಪೆನ್ನು ಏನೂ ಇರಬಾರದು. ಮರಳಿ ಇಡುವಾಗ ಹೋಲ್‌ಸ್ಟರನ್ನು ಹೊರತೆಗೆದು, ಪಿಸ್ತೂಲಿಗೆ ತೊಡಿಸಿ, ಎರಡನ್ನೂ ಒಟ್ಟಿಗೆ ಜೇಬಿಗಿಳಿಸಬೇಕು. ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿಗಳಿಗೂ ಇದೇ ಮಾತು: ಟ್ರಿಗರಿನ ಮೇಲೆ ಗಟ್ಟಿಯಾದ ಕವಚವಿಲ್ಲದಿದ್ದರೆ ಅವು ಬರಿಯ ಬಟ್ಟೆ. ಕೈಚೀಲದಲ್ಲಿ ಒಯ್ಯುವುದು ಇವೆಲ್ಲದಕ್ಕಿಂತ ಕಷ್ಟದ ದಾರಿ. ಚೀಲವನ್ನು ಕುರ್ಚಿಗೆ ತೂಗುಹಾಕಿ ಎದ್ದುಹೋದ ಹೊತ್ತಿನಲ್ಲಿ ಮಗುವಿನ ಕೈ ಅದರೊಳಗೆ ಹೋದರೆ ತಡೆಯುವವರಿರುವುದಿಲ್ಲ. ಬೇರೆ ದಾರಿಯೇ ಇಲ್ಲದವರು ಆಯುಧಕ್ಕೆಂದೇ ಇರುವ, ಬೀಗ ಹಾಕುವ ಪ್ರತ್ಯೇಕ ಅರೆಯುಳ್ಳ ಚೀಲವನ್ನು, ಅದರೊಳಗೆ ಗಟ್ಟಿ ಹೋಲ್‌ಸ್ಟರ್ ಕೂರಿಸಿ ಬಳಸಬೇಕು. ಚೀಲ ಮೈಯಿಂದ ಇಳಿಯಬಾರದು.

ಬೆಲ್ಟ್, ಕ್ಲಿಪ್, ಬಟ್ಟೆ

ಸಾದಾ ಬೆಲ್ಟು ತುಂಬಿದ ಪಿಸ್ತೂಲಿನ ಭಾರಕ್ಕೆ ಹೊರಕ್ಕೆ ಬಾಗುತ್ತದೆ, ಹೋಲ್‌ಸ್ಟರ್ ಓಲಾಡುತ್ತದೆ, ನಿನ್ನೆ ಇದ್ದ ಕೋನ ಇಂದು ಇರುವುದಿಲ್ಲ. ಆಯುಧ ಒಯ್ಯಲೆಂದೇ ಮಾಡಿದ, ಅಡ್ಡಕ್ಕೆ ತಿರುಚಿದರೂ ಮಣಿಯದ ಬೆಲ್ಟು ಬೇಕು. ಹೋಲ್‌ಸ್ಟರಿನ ಕ್ಲಿಪ್ಪಿನ ಅಳತೆ ಬೆಲ್ಟಿನ ಅಗಲಕ್ಕೆ ಸರಿಹೊಂದಬೇಕು. ಸಾಮಾನ್ಯವಾಗಿ ಅದು 38 ಮಿಲಿಮೀಟರ್, ಅಂದರೆ ಒಂದೂವರೆ ಇಂಚು. ಕ್ಲಿಪ್ಪಿನ ಕೊಕ್ಕೆ ಬೆಲ್ಟಿನ ಕೆಳ ಅಂಚನ್ನು ಹಿಡಿದಿರುವುದನ್ನು ಪ್ರತಿದಿನವೂ ಬೆರಳಾಡಿಸಿ ನೋಡಬೇಕು. ಕೊಕ್ಕೆ ಹಿಡಿಯದಿದ್ದರೆ ಎಳೆದಾಗ ಪಿಸ್ತೂಲಿನ ಜೊತೆ ಹೋಲ್‌ಸ್ಟರೂ ಬರುತ್ತದೆ.

ಬಟ್ಟೆಯಲ್ಲಿ ಶತ್ರುವೆಂದರೆ ದಾರ. ಜಾಕೆಟ್ಟಿನ ಸೊಂಟದಲ್ಲಿ ಬಿಗಿಮಾಡಲು ಇರುವ ದಾರದ ತುದಿಯ ಪ್ಲಾಸ್ಟಿಕ್ ಗುಂಡಿ ಟ್ರಿಗರ್ ಗಾರ್ಡಿನೊಳಗೆ ಹಿಡಿಸುವಷ್ಟೇ ದೊಡ್ಡದಿರುತ್ತದೆ. ಆಯುಧ ಧರಿಸುವ ದಿನಗಳ ಉಡುಪಿನಿಂದ ಅದನ್ನು ಕತ್ತರಿಸಿ ಹಾಕುವುದೇ ಲೇಸು.

ಮರಳಿ ಇಡುವ ಕ್ರಮ

ಪಿಸ್ತೂಲನ್ನು ಮರಳಿ ಇಡಲು ಅವಸರಪಡುವ ಸಂದರ್ಭವೇ ಇಲ್ಲ. ಬೇಗ ಹೊರಬರಬೇಕಾದೀತು, ಬೇಗ ಒಳಹೋಗಬೇಕಾದ್ದೇನೂ ಇಲ್ಲ. ತೋರುಬೆರಳನ್ನು ಟ್ರಿಗರ್ ಗಾರ್ಡಿನ ಹೊರಗೆ, ಚೌಕಟ್ಟಿನ ಪಕ್ಕಕ್ಕೆ ಎತ್ತರದಲ್ಲಿ ಚಾಚಿಡಬೇಕು. ಸೇಫ್ಟಿಯೋ ಡೀಕಾಕರೋ ಇದ್ದರೆ ಹಾಕಬೇಕು. ಎಡಗೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದು, ಹೋಲ್‌ಸ್ಟರಿನ ಬಾಯಿಯನ್ನು ಕಣ್ಣಾರೆ ನೋಡಿ, ಅದರಲ್ಲಿ ಬಟ್ಟೆಯಾಗಲಿ ಕಸವಾಗಲಿ ಇಲ್ಲವೆಂದು ಖಚಿತವಾದ ಮೇಲೆ ನಿಧಾನವಾಗಿ ಇಳಿಸಬೇಕು. ಮುಂಭಾಗದಲ್ಲಿ ಧರಿಸುವವರು ಸೊಂಟವನ್ನು ಮುಂದಕ್ಕೆ ದೂಡಿ, ಎದೆಯನ್ನು ಹಿಂದಕ್ಕೆ ವಾಲಿಸಿದರೆ ನಳಿಗೆ ಮೈಯಿಂದ ದೂರ ತಿರುಗುತ್ತದೆ. ಎಂದಿಗಿಂತ ಸ್ವಲ್ಪ ಹೆಚ್ಚು ತಡೆ ಕಂಡರೂ ಅಲ್ಲೇ ನಿಲ್ಲಿಸಿ, ಪಿಸ್ತೂಲನ್ನು ಹೊರತೆಗೆದು, ಕಾರಣ ಹುಡುಕಬೇಕು. ಬಲ ಹಾಕಿ ಒತ್ತುವುದು ನಿಷಿದ್ಧ.

ಇದಕ್ಕಿಂತಲೂ ಸುರಕ್ಷಿತವಾದ ಕ್ರಮವೆಂದರೆ, ಬೆಳಗ್ಗೆ ಧರಿಸುವಾಗ ಹೋಲ್‌ಸ್ಟರನ್ನು ಕೈಯಲ್ಲಿ ಹಿಡಿದು, ಬಾಯಿ ಎದುರಿಗೆ ಕಾಣುವಂತೆ, ನಳಿಗೆ ಅಪಾಯವಿಲ್ಲದ ದಿಕ್ಕಿಗಿರುವಂತೆ ಪಿಸ್ತೂಲನ್ನು ಕೂರಿಸಿ, ಎರಡನ್ನೂ ಒಂದಾಗಿ ಸೊಂಟಕ್ಕೆ ಸಿಕ್ಕಿಸುವುದು. ರಾತ್ರಿ ತೆಗೆಯುವಾಗಲೂ ಹಾಗೆಯೇ ಒಂದಾಗಿ ಬಿಚ್ಚುವುದು. ಶೌಚಾಲಯದಲ್ಲಿ ಪಿಸ್ತೂಲನ್ನು ಬೇರ್ಪಡಿಸಿ ಕೊಕ್ಕೆಗೋ ತೊಟ್ಟಿಯ ಮೇಲೋ ಇಡಬಾರದು. ಅಲ್ಲಿ ಮರೆತು ಬರುವುದು ಅಪರೂಪದ ಸಂಗತಿಯಲ್ಲ. ಟ್ರಿಗರಿಗೆ ಮಾತ್ರ ಮುಚ್ಚಳವಾಗಿದ್ದು, ದಾರದಿಂದ ಬೆಲ್ಟಿಗೆ ಕಟ್ಟಿರುವ ಚಿಕ್ಕ ಕವಚಗಳನ್ನು ಬಳಸುವವರಿಗೆ ಈ ಕ್ರಮದ ಹೊರತು ಬೇರೆ ದಾರಿಯೇ ಇಲ್ಲ. ಸೊಂಟದಲ್ಲಿದ್ದಂತೆ ಅವುಗಳೊಳಗೆ ಪಿಸ್ತೂಲನ್ನು ಮರಳಿ ಇಡಲಾಗುವುದಿಲ್ಲ.

ಹೊಸ ಹೋಲ್‌ಸ್ಟರ್ ಬಂದ ದಿನವೇ ತುಂಬಿದ ಆಯುಧದೊಂದಿಗೆ ಹೊರಡಬಾರದು. ಕೆಲವು ದಿನ ಮನೆಯಲ್ಲಿ ಖಾಲಿ ಪಿಸ್ತೂಲಿನೊಂದಿಗೆ, ಸಾಧ್ಯವಾದರೆ ಅದೇ ಅಳತೆಯ ಪ್ಲಾಸ್ಟಿಕ್ ಅಣಕು ಪಿಸ್ತೂಲಿನೊಂದಿಗೆ, ನಿತ್ಯ ಉಡುವ ಬಟ್ಟೆಯಲ್ಲೇ ಧರಿಸಿ ಓಡಾಡಬೇಕು. ಸಂಜೆ ತೆಗೆದು ನೋಡಿದಾಗ ಟ್ರಿಗರ್ ತಾನಿದ್ದ ಸ್ಥಾನದಲ್ಲಿಯೇ ಇದೆಯೇ, ಸೇಫ್ಟಿ ಹಾಕಿದಂತೆಯೇ ಇದೆಯೇ ಎಂಬುದನ್ನು ಗಮನಿಸಬೇಕು. ಹೊರತೆಗೆಯುವಾಗ ಮೊದಲ ಹಿಡಿತದಲ್ಲೇ ಅಂಗೈ ಹಿಡಿಯ ಮೇಲ್ತುದಿಯವರೆಗೆ ಪೂರ್ತಿ ಕೂರಬೇಕು. ಹೋಲ್‌ಸ್ಟರ್ ತೀರಾ ಆಳವಾಗಿದ್ದು ಎರಡು ಬೆರಳುಗಳಷ್ಟೇ ಹಿಡಿಗೆ ಸಿಗುವಂತಿದ್ದರೆ ಅದನ್ನು ಮೇಲಕ್ಕೇರಿಸಬೇಕು.

ಬಳಕೆಗೆ ಬಂದ ಮೇಲೆ ಆರೈಕೆ ಸರಳವಾದರೂ ನಿಯಮಿತವಾಗಿರಬೇಕು. ಕೈಡೆಕ್ಸ್ ಹೋಲ್‌ಸ್ಟರಿನ ಸ್ಕ್ರೂಗಳು ನಡಿಗೆಯ ಅದುರಿಗೆ ಸಡಿಲವಾಗುತ್ತವೆ. ಎಳೆಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಸ್ಕ್ರೂವಿನ ತಲೆಯಿಂದ ಹೋಲ್‌ಸ್ಟರಿನ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದದ್ದು ಕಂಡಾಗ ಸ್ಕ್ರೂ ತಿರುಗಿದೆಯೆಂದು ತಿಳಿಯುತ್ತದೆ. ವಾರಕ್ಕೊಮ್ಮೆ ಪಿಸ್ತೂಲನ್ನು ತೆಗೆದಿಟ್ಟು ಹೋಲ್‌ಸ್ಟರನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ, ನೂಲು, ಮರಳು, ಸಣ್ಣ ಕಲ್ಲುಗಳನ್ನು ಉದುರಿಸಬೇಕು. ಚರ್ಮವು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಿಸ್ತೂಲನ್ನು ಅದರೊಳಗಿಟ್ಟು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಬಿಡಬಾರದು, ತುಕ್ಕು ಹಿಡಿಯುತ್ತದೆ. ಬಾಯಿಯಲ್ಲಿ ಮಡಿಕೆ ಕಂಡ ಚರ್ಮವನ್ನು, ಬಿರುಕು ಕಂಡ ಕೈಡೆಕ್ಸನ್ನು, ಕೊಕ್ಕೆ ಸವೆದ ಕ್ಲಿಪ್ಪನ್ನು ಅಂದೇ ಬಳಕೆಯಿಂದ ತೆಗೆಯಬೇಕು. ಕ್ಲಿಪ್ಪನ್ನು ಬದಲಾಯಿಸಿಕೊಳ್ಳಬಹುದು. ಉಳಿದೆರಡನ್ನು ಇನ್ನೊಬ್ಬರಿಗೆ ಕೊಡದೆ ಕತ್ತರಿಸಿ ಎಸೆಯಬೇಕು.